ಗ್ಯಾರೇಜಿನಲ್ಲಿ ಕಟ್ಟಿದ ಸಬ್‌ಮರೀನ್: ನಕ್ಷೆಯ ಜೊತೆ ಬಿಲ್ಲನ್ನೂ ಕೊಡುತ್ತೇನೆ

ಮಿಷಿಗನ್ನಿನ ನಮ್ಮ ಮನೆಯ ಗ್ಯಾರೇಜಿನಲ್ಲಿ ಇಬ್ಬರು ಕೂರುವ ಸಣ್ಣ ಸಬ್‌ಮರೀನ್ ಕಟ್ಟಿದ್ದೇನೆ. ಅದರ ನಕ್ಷೆ, ಲೆಕ್ಕ, ಖರ್ಚಿನ ಹಾಳೆ ಮೂರನ್ನೂ ಕೇಳಿದವರಿಗೆ ಕೊಡುತ್ತೇನೆ. ಕೊಟ್ಟರೆ ಮೂರನ್ನೂ ಒಟ್ಟಿಗೇ ಕೊಡುವುದು. ನಕ್ಷೆ ಮಾತ್ರ ಸಾಕು ಅಂದವರಿಗೆ ಕೊಡುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಅಮೆರಿಕದಲ್ಲಿ ಈ ಹವ್ಯಾಸದವರಿಗೆಲ್ಲ ಗೊತ್ತಿರುವ ಹೆಸರು ಮೇನ್ ರಾಜ್ಯದ ಜಾರ್ಜ್ ಕಿಟ್ರೆಡ್ಜ್ ಅವರದು. ನೌಕಾಪಡೆಯಿಂದ ನಿವೃತ್ತರಾದ ಮೇಲೆ ಸಣ್ಣ ಸಬ್‌ಮರೀನ್‌ಗಳನ್ನು ಕಟ್ಟಿದರು, ನಕ್ಷೆಗಳನ್ನೂ ಮಾರಿದರು. ಕೆ-250, ಕೆ-350 ಅಂತ ಹೆಸರು. ಎಷ್ಟು ಅಡಿ ಆಳಕ್ಕೆ ಹೋಗಬಹುದು ಅನ್ನುವುದು ಹೆಸರಿನಲ್ಲೇ ಇದೆ. ನಾನು ಹಿಡಿದದ್ದೂ ಅದೇ ಜಾತಿಯ ವಿನ್ಯಾಸ. ಉಕ್ಕಿನ ಸಿಲಿಂಡರ್, ಎರಡು ತುದಿಗೆ ಡಿಶ್ ಎಂಡ್ ಅಂದರೆ ಬಟ್ಟಲಿನಾಕಾರದ ಮುಚ್ಚಳ, ಮೇಲೆ ಚಿಕ್ಕ ಗೋಪುರ, ಅದಕ್ಕೊಂದು ಹ್ಯಾಚ್ ಅಂದರೆ ಹತ್ತಿ ಇಳಿಯುವ ಬಾಗಿಲು. ಲೆಕ್ಕ ಹಾಕಿದ್ದು 100 ಮೀಟರ್ ಆಳಕ್ಕೆ. ಅಷ್ಟು ಆಳದಲ್ಲಿ 60 ಸೆಂ.ಮೀ. ಅಗಲದ ಹ್ಯಾಚ್ ಮೇಲೆ ಸುಮಾರು 28 ಟನ್ ಭಾರ ಕೂರುತ್ತದೆ.

ಹೀಗೆ ಸಬ್‌ಮರೀನ್ ಕಟ್ಟುವವರ ನಮ್ಮ ಬಳಗದ ಒಬ್ಬರು ನೆದರ್ಲೆಂಡ್ಸಿನಲ್ಲಿದ್ದಾರೆ. ನನ್ನ ನಕ್ಷೆಯಲ್ಲಿ ಪ್ಲೇಟಿನ ದಪ್ಪ 3/8 ಇಂಚು, ಅಂದರೆ 9.5 ಮಿ.ಮೀ. ಅವರ ಕಡೆ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದು 8 ಅಥವಾ 10. ಎಂಟರದ್ದು ಅಗ್ಗ, ಬಗ್ಗಿಸುವುದೂ ಸುಲಭ. ಒಂದೂವರೆ ಮಿ.ಮೀ. ತಾನೇ, ಎಂಟು ಹಾಕಲಾ ಅಂತ ಕೇಳಿದರು. ಉಕ್ಕು ತಡೆಯುವ ಒತ್ತಡವನ್ನಷ್ಟೇ ನೋಡಿದರೆ ಎಂಟೂ ಸಾಕು, ಧಾರಾಳ ಸಾಕು. ಆದರೆ ಹೊರಗಿನಿಂದ ಒತ್ತಡ ಬಿದ್ದಾಗ ಉಕ್ಕಿನ ಬಲ ಸೋಲುವ ಮೊದಲೇ ಸಿಲಿಂಡರ್ ನೆಗ್ಗುತ್ತದೆ. ಅದಕ್ಕೆ ಬೇರೆಯದೇ ಸೂತ್ರ. 1934ರಲ್ಲಿ ಅಮೆರಿಕ ನೌಕಾಪಡೆಯ ವಿಂಡೆನ್‌ಬರ್ಗ್ ಮತ್ತು ಟ್ರಿಲ್ಲಿಂಗ್ ಕೊಟ್ಟದ್ದು, ನಾವು ಈಗಲೂ ಬಳಸುತ್ತೇವೆ. ಅದರಲ್ಲಿ ದಪ್ಪದ ಘಾತ ಎರಡೂವರೆ, ಅಂದರೆ ದಪ್ಪ ಸ್ವಲ್ಪ ಇಳಿದರೂ ತಡೆಯುವ ಒತ್ತಡ ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತದೆ. ಹಾಗಾಗಿ 9.5ರಿಂದ 8ಕ್ಕೆ ಇಳಿದರೆ ನೆಗ್ಗುವ ಒತ್ತಡ ಸುಮಾರು ಶೇ. 35ರಷ್ಟು ಕುಸಿಯುತ್ತದೆ. ಸಿಲಿಂಡರ್ ನೆಗ್ಗದಂತೆ ಒಳಗೆ ಹಾಕುವ ಉಕ್ಕಿನ ಬಳೆಗಳ ಅಂತರವನ್ನು ಇಮ್ಮಡಿ ಮಾಡಿದರೆ ಹೆಚ್ಚುಕಡಿಮೆ ಅರ್ಧವೇ ಹೋಗುತ್ತದೆ. ಈ ಲೆಕ್ಕವನ್ನು ಕೂತು ಒಟ್ಟಿಗೆ ಮಾಡಿದೆವು. ಅವರು ಹತ್ತು ಮಿ.ಮೀ. ತಂದರು. ಅವತ್ತಿನಿಂದ ನನ್ನ ನಕ್ಷೆಯ ಪ್ರತಿ ಅಳತೆಯ ಪಕ್ಕ ಅದು ಯಾಕೆ ಅಷ್ಟು ಅಂತಲೂ ಬರೆದಿಡುತ್ತೇನೆ. ಸಿಲಿಂಡರ್ ಎಷ್ಟು ದುಂಡಗಿರಬೇಕು ಅನ್ನುವುದೂ ಅಲ್ಲೇ ಇದೆ. ರೋಲಿಂಗ್ ಮಾಡುವವರಿಗೆ, ಅಂದರೆ ಪ್ಲೇಟನ್ನು ಬಗ್ಗಿಸಿ ಸಿಲಿಂಡರ್ ಮಾಡಿಕೊಡುವವರಿಗೆ, ನೀರಿನ ಟ್ಯಾಂಕೂ ಒಂದೇ, ನಮ್ಮದೂ ಒಂದೇ. ಹೇಳದಿದ್ದರೆ ಅವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ನೀರು ಯಾವುದು ಅನ್ನುವುದನ್ನೂ ಬರೆಯುತ್ತೇನೆ. ನಾನು ಇಳಿಯುವುದು ಹ್ಯೂರಾನ್ ಸರೋವರದಲ್ಲಿ, ಸಿಹಿನೀರು. ಸಮುದ್ರದ ನೀರು ಅದಕ್ಕಿಂತ ಶೇ. 2.5ರಷ್ಟು ಭಾರ. ಎರಡು ಟನ್ನಿನ ಸಬ್‌ಮರೀನನ್ನು ಸಮುದ್ರಕ್ಕೆ ಒಯ್ದರೆ ಮುಳುಗಲು ಇನ್ನೂ 50 ಕೆ.ಜಿ. ಸೀಸ ಬೇಕು. ನನ್ನ ಬ್ಯಾಲಾಸ್ಟ್ ಲೆಕ್ಕವನ್ನು, ಅಂದರೆ ಮುಳುಗಲು ಹಾಕುವ ಭಾರದ ಲೆಕ್ಕವನ್ನು, ಸಮುದ್ರಕ್ಕೆ ಇಳಿಯುವ ಫ್ಲೋರಿಡಾದವರು ಹಾಗೇ ನಕಲು ಮಾಡಿದರೆ ಮೇಲೇ ತೇಲುತ್ತಾ ಇರುತ್ತಾರೆ.

ಈಗ ದುಡ್ಡಿನ ವಿಷಯ. ಎಲ್ಲರೂ ಒಂದೇ ಮೊತ್ತ ಕೇಳುತ್ತಾರೆ. ನನ್ನದು 30,000 ಡಾಲರ್ ದಾಟಿದೆ. ಆದರೆ ಆ ಒಂದು ಸಂಖ್ಯೆಯಿಂದ ಯಾರಿಗೂ ಉಪಯೋಗವಿಲ್ಲ. ಉಕ್ಕಿನ ಪ್ಲೇಟಿನ ಬೆಲೆ ಅದರಲ್ಲಿ ಹತ್ತನೇ ಒಂದು ಪಾಲೂ ಇಲ್ಲ. ಹಾಗಾಗಿ ಪ್ರತಿ ವಸ್ತುವಿಗೂ ಬೆಲೆ, ಸಾಗಣೆ, ಸರ್ಟಿಫಿಕೇಟ್, ಅದಕ್ಕಾಗಿ ಕೊಂಡ ಉಪಕರಣ, ನನ್ನ ಕೈಕೆಲಸದ ಗಂಟೆ ಅಂತ ಬೇರೆ ಬೇರೆ ಕಾಲಂ ಮಾಡಿದೆ. ಟ್ರೈಲರ್ ಇದೆ. ಪರೀಕ್ಷೆಗೆ ತಂದ ಕ್ರೇನಿನ ಬಾಡಿಗೆ ಇದೆ. ವೆಲ್ಡಿಂಗ್ ಕೀಲುಗಳನ್ನು ಎಕ್ಸ್‌ರೇ ಮಾಡಿಸಿದ ಬಿಲ್ ಇದೆ. ಇವನ್ನೆಲ್ಲ ಬಿಟ್ಟು ಅಗ್ಗದ ಲೆಕ್ಕ ಹೇಳಿದರೆ, ಅದನ್ನು ನಂಬಿ ಶುರು ಮಾಡಿದವರಿಗೆ ಅರ್ಧ ದಾರಿಯಲ್ಲಿ ಕಾಸು ಮುಗಿಯುತ್ತದೆ. ಆಗ ಅವರು ಉಳಿಸಲು ಹೋಗುವುದು ಎಕ್ಸ್‌ರೇಯಲ್ಲೇ. ನನಗೆ ಭಯ ಇರುವುದು ಇಲ್ಲಿ.

ನಾನು ಬೆಳೆದದ್ದು ಭದ್ರಾವತಿಯಲ್ಲಿ. ಉಕ್ಕು ಯಾವ ಕರಗಿಸುವಿಕೆಯದು ಅಂತ ಗುರುತಿಸಲು ಅದರ ಮೇಲೆ ಹೊಡೆದಿರುವ ಹೀಟ್ ನಂಬರಿಗೆ ಎಷ್ಟು ಬೆಲೆ ಅಂತ ಚಿಕ್ಕಂದಿನಿಂದ ಕೇಳಿಕೊಂಡು ಬಂದವನು. ಗುಜರಿಯ ಪ್ಲೇಟ್ ನೋಡಲು ಚೆನ್ನಾಗೇ ಇರಬಹುದು, ಆದರೆ ಅದು ಯಾವ ಉಕ್ಕು ಅಂತ ಹೇಳುವ ಕಾಗದ ಇರುವುದಿಲ್ಲ. ನಾನು ಬಾಯ್ಲರ್, ಒತ್ತಡದ ಟ್ಯಾಂಕುಗಳಿಗೆ ಬಳಸುವ ಎ516 ಗ್ರೇಡ್ 70 ಪ್ಲೇಟನ್ನು ಮಿಲ್ ಸರ್ಟಿಫಿಕೇಟ್ (ಉಕ್ಕಿನ ಕಾರ್ಖಾನೆ ಕೊಡುವ ಪರೀಕ್ಷಾ ಪತ್ರ) ಸಮೇತ ಕೊಂಡೆ. ಆ ಕಾಗದದ ನಕಲೂ ಹಾಳೆಯ ಜೊತೆ ಹೋಗುತ್ತದೆ.

ಲೆಕ್ಕ ಹಂಚಿಕೊಂಡದ್ದರಿಂದ ನಿಜವಾಗಿ ದುಡ್ಡು ಉಳಿದದ್ದು ಕಿಟಕಿಗಳಲ್ಲಿ. ನಮ್ಮ ಕಿಟಕಿ ದಪ್ಪ ಅಕ್ರಿಲಿಕ್, ಕೊಳವೆಯ ಬಾಯಿಗೆ ಬಿರಡೆ ಹಾಕಿದ ಹಾಗೆ ಓರೆಯಾಗಿ ಕೂರುತ್ತದೆ. ನೀರು ಒತ್ತಿದಷ್ಟೂ ಬಿಗಿ. ಕಡೆದ ಮೇಲೆ ಅದನ್ನು ಓವನ್‌ನಲ್ಲಿ ನಿಧಾನಕ್ಕೆ ಬಿಸಿ ಮಾಡಿ, ಇನ್ನೂ ನಿಧಾನಕ್ಕೆ ಆರಿಸಬೇಕು. ಇಲ್ಲದಿದ್ದರೆ ಒಳಗೆ ಉಳಿದ ಬಿಗುವಿನಿಂದ ಕೂದಲೆಳೆ ಬಿರುಕು ಬರುತ್ತದೆ. ಒಂದು ಕಿಟಕಿಗೂ ಓವನ್ ಅಷ್ಟೇ ಹೊತ್ತು ಉರಿಯಬೇಕು, ಹತ್ತಕ್ಕೂ ಅಷ್ಟೇ. ಲೇತ್ ಸೆಟ್ ಮಾಡುವ ಚಾರ್ಜೂ ಹಾಗೇ. ನಮ್ಮ ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಪ್ರತಿಯೊಬ್ಬರೂ ಈ ದುಡ್ಡನ್ನು ಬೇರೆ ಬೇರೆಯಾಗಿ ತೆರುತ್ತಿರುವುದು ಕಂಡಿತು. ಎಲ್ಲರೂ ಕಿಟಕಿಯ ಓರೆಗೆ 90 ಡಿಗ್ರಿ ಕೋನಕ್ಕೆ, ಒಂದೇ ಅಳತೆಗೆ ಒಪ್ಪಿಕೊಂಡು ಒಟ್ಟಿಗೆ ಆರ್ಡರ್ ಕೊಟ್ಟೆವು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘವಾದ ಎಎಸ್‌ಎಂಇ ಮಾನದಂಡದ ಪ್ರಕಾರ ಇಂಥ ಕಿಟಕಿಯ ವಿನ್ಯಾಸದ ಆಯಸ್ಸು ಸಾಮಾನ್ಯವಾಗಿ 10 ವರ್ಷ. ಅದನ್ನು ಬದಲಿಸುವ ಖರ್ಚೂ ಹಾಳೆಯಲ್ಲಿದೆ.

ಮೋಟರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮೀನು ಹಿಡಿಯುವ ದೋಣಿಗೆ ಹಾಕುವ ಟ್ರೋಲಿಂಗ್ ಮೋಟರನ್ನೇ ತಂದು, ಒಳಗೆ ಎಣ್ಣೆ ತುಂಬಿ, ರಬ್ಬರ್ ಚೀಲ ಕಟ್ಟುತ್ತೇವೆ. ನೀರು ಚೀಲವನ್ನು ಒತ್ತಿದಾಗ ಎಣ್ಣೆಗೂ ಅದೇ ಒತ್ತಡ ಬಂದು ಒಳಗೂ ಹೊರಗೂ ಸಮ ಆಗುವುದರಿಂದ ಸೀಲ್ ಸೋರುವುದಿಲ್ಲ. ಈ ಉಪಾಯ ಬಳಗದಲ್ಲಿ ಕೈಯಿಂದ ಕೈಗೆ ಬಂದದ್ದು.

2023ರ ಜೂನ್‌ನಲ್ಲಿ ಟೈಟಾನಿಕ್ ಹಡಗಿನ ಅವಶೇಷ ನೋಡಲು ಇಳಿದ ಟೈಟನ್ ಎಂಬ ಸಬ್‌ಮರೀನ್ ಕುಸಿದು ಐವರು ಸತ್ತ ಮೇಲೆ ಊರಿಂದ ಎಲ್ಲರೂ ಫೋನ್ ಮಾಡಿದರು. ಅದರದ್ದು ಕಾರ್ಬನ್ ಫೈಬರ್ ಮೈ, ನಮ್ಮದು ಉಕ್ಕು, ಆಳವೂ ಎಷ್ಟೋ ಕಡಿಮೆ ಅಂತ ಸಮಾಧಾನ ಹೇಳಿದೆ. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು ಬೇರೆ. ಹೊಂಡುರಾಸಿನ ರೋವಾಟಾನ್ ದ್ವೀಪದಲ್ಲಿ ತಾವೇ ಕಟ್ಟಿದ ಸಬ್‌ಮರೀನ್ ನಡೆಸುವ ಕಾರ್ಲ್ ಸ್ಟ್ಯಾನ್ಲಿ 2019ರಲ್ಲಿ ಟೈಟನ್‌ನಲ್ಲಿ ಇಳಿದಿದ್ದರು. ಒಳಗೆ ಬಿರುಕು ಬಿಡುವಂಥ ಸದ್ದು ಕೇಳಿ, ಅದರ ಮಾಲೀಕರಿಗೆ ಎಚ್ಚರಿಕೆ ಬರೆದಿದ್ದರು. ಅದಾದ ಮೇಲೆ ನಮ್ಮ ಹಾಳೆಗೆ ಇನ್ನೊಂದು ಕಾಲಂ ಸೇರಿಸಿದೆವು. ಪ್ರತಿ ಸಲ ಇಳಿದಾಗ ಕೇಳಿದ ಸದ್ದು, ಕಂಡ ತೇವ, ಬಿಗಿಯಾದ ಹಿಡಿಕೆ, ಎಷ್ಟು ಸಣ್ಣದಿದ್ದರೂ ಆಳದ ಸಮೇತ ಬರೆಯುವುದು. ಬರೆದವರನ್ನು ಯಾರೂ ಆಡಿಕೊಳ್ಳುವಂತಿಲ್ಲ.

ಬೆಂಗಳೂರು, ಮಂಗಳೂರಿನಿಂದಲೂ ಕೆಲವರು ಕೇಳುತ್ತಿದ್ದಾರೆ. ಪೀಣ್ಯದಲ್ಲಿ ಟ್ಯಾಂಕ್, ಪ್ರೆಶರ್ ವೆಸಲ್ ಕೆಲಸ ಮಾಡುವವರಿದ್ದಾರೆ. ಡಿಶ್ ಎಂಡ್‌ಗೆ, ರೋಲಿಂಗಿಗೆ ಅಂಥವರನ್ನೇ ವಿಚಾರಿಸಿ. ಬಾಯ್ಲರ್ ಕ್ವಾಲಿಟಿ ಪ್ಲೇಟ್ ಬೇಕು, ಮಿಲ್ ಸರ್ಟಿಫಿಕೇಟ್ ಬೇಕು ಅಂತ ಮೊದಲೇ ಹೇಳಿಬಿಡಿ. ಕೊಟೇಶನ್ ಬಂದರೆ ನನಗೂ ಕಳಿಸಿ, ರೂಪಾಯಿ ಲೆಕ್ಕವನ್ನೂ ಹಾಳೆಗೆ ಸೇರಿಸುತ್ತೇನೆ. ಆಳ ಎಷ್ಟು, ನೀರು ಸಿಹಿಯೋ ಉಪ್ಪೋ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.