ತೊಗರಿ ನಾಡಿನಲ್ಲಿ ತಪ್ಪಿಹೋದ ಮಗ

ನಾನು ಮಂಗಳೂರಿನವನು, ಬಾಸೆಲ್ ಮಿಶನ್ ಎಂಬ ಕ್ರೈಸ್ತ ಮಿಶನರಿ ಸಂಸ್ಥೆಯ ಪರಂಪರೆಯ ಸಭೆಯಲ್ಲಿ ಬೆಳೆದವನು. ಜರ್ಮನ್ ರಾಗದ ಕೀರ್ತನೆಗಳನ್ನು ಪುಸ್ತಕ ಹಿಡಿದು ನಾಲ್ಕು ಧ್ವನಿಗಳಲ್ಲಿ ಹಾಡುವುದು ನಮಗೆ ರೂಢಿ. ಸುವಾರ್ತೆಯ ಕೆಲಸಕ್ಕೆಂದು ಜೇವರ್ಗಿ, ಯಾದಗಿರಿ ಕಡೆಯ ಹಳ್ಳಿಗಳಿಗೆ ಬಂದ ಮೇಲೆ ಆ ಪುಸ್ತಕವನ್ನು ಬದಿಗಿಟ್ಟೆ. ಅದಕ್ಕೆ ಓದು ಬೇಕು. ಇಲ್ಲಿ ಒಬ್ಬರು ಪಲ್ಲ, ಅಂದರೆ ಪಲ್ಲವಿ, ಎತ್ತಿದರೆ ಸಾಕು, ಉಳಿದವರು ಹಿಡಿದುಕೊಳ್ಳುತ್ತಾರೆ. ಅಕ್ಷರ ಬಾರದ ಅಜ್ಜಿಯೂ ಬೆಳತನಕ ಹಾಡುತ್ತಾಳೆ.

ಮೊದಲು ಕೇಳಿದೆ. ಭಜನೆ, ಮೊಹರಮಿನಲ್ಲಿ ಹಾಡುವ ರಿವಾಯತ್ ಪದ, ರಾಶಿ ಮಾಡುವಾಗಿನ ಹಂತಿಪದ, ಬೀಸುವ ಪದ. ಈ ಭಾಗದ ಅನುಭಾವಿ ಕವಿ ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಧಾಟಿ ಮನಸ್ಸು ಸೆಳೆಯಿತು, ಆದರೂ ಅದನ್ನು ಮುಟ್ಟಲಿಲ್ಲ. ಏಕತಾರಿ ಮಿಡಿದ ಕೂಡಲೇ ಊರಿಗೆಲ್ಲ ಆ ಪದಗಳೇ ನೆನಪಾಗುತ್ತವೆ. ಇನ್ನೊಬ್ಬರ ಭಕ್ತಿಯ ಧಾಟಿಗೆ ನಮ್ಮ ಮಾತು ತುಂಬುವುದು ಸರಿಯಲ್ಲ ಎಂಬುದು ಇಂದಿಗೂ ನನ್ನ ನಿಲುವು. ಸಭೆಯ ಅಕ್ಕಂದಿರು ಬೀಸುವಾಗ, ಕಳೆ ಕೀಳುವಾಗ ತಾವೇ ಹಾಡುವ ಧಾಟಿಗಳಲ್ಲಿ ಪದ ಕಟ್ಟಿದರು. ನಮ್ಮ ಬಾಸೆಲ್ ಮಿಶನ್ನಿನವರೇ ಆದ ಕಿಟೆಲ್ 1862ರಲ್ಲೇ ಕ್ರಿಸ್ತನ ಚರಿತ್ರೆಯನ್ನು ನಮ್ಮ ನೆಲದ ಛಂದಸ್ಸಿನಲ್ಲಿ 'ಕಥಾಮಾಲೆ'ಯಾಗಿ ಬರೆದಿದ್ದರು, ಹಾಗಾಗಿ ದಾರಿ ಹೊಸದಲ್ಲ. ಆದರೆ ನಾನು ಬರೆದುಕೊಡಲಿಲ್ಲ. ಕಥೆ ಹೇಳಿ ಸುಮ್ಮನೆ ಕೂತೆ. ನನ್ನ ಕರಾವಳಿ ಕನ್ನಡ ಅವರ ಬಾಯಿಗೆ ಹತ್ತಬಾರದೆಂಬ ಎಚ್ಚರ ನನಗಿತ್ತು.

ನಾಟಕಕ್ಕೆ ಆರಿಸಿಕೊಂಡದ್ದು ಬೈಬಲಿನ ಲೂಕನ ಸುವಾರ್ತೆಯ 15ನೆಯ ಅಧ್ಯಾಯದ ತಪ್ಪಿಹೋದ ಮಗನ ಸಾಮ್ಯ, ಅಂದರೆ ಯೇಸು ಹೇಳಿದ ದೃಷ್ಟಾಂತ ಕಥೆ. ಕಿರಿಮಗ ಆಸ್ತಿಯ ಪಾಲು ಪಡೆದು ದೂರ ಹೋಗಿ ಹಾಳುಮಾಡಿ, ಬರದಲ್ಲಿ ಹಸಿದು ಮರಳುತ್ತಾನೆ. ಅಪ್ಪ ಓಡಿಹೋಗಿ ಅಪ್ಪಿಕೊಂಡು, ಕೊಬ್ಬಿದ ಕರು ಕೊಯ್ಸಿ ಊಟ ಹಾಕಿಸುತ್ತಾನೆ. ಹಿರಿಮಗ ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ಆಟದ ಮಟ್ಟು ಉತ್ತರ ಕರ್ನಾಟಕದ ಬಯಲಾಟವಾದ ದೊಡ್ಡಾಟದ್ದು. ಭಾಗವತ, ಹಿಮ್ಮೇಳ, ಹಾರ್ಮೋನಿಯಂ, ತಾಳ. ಪಾತ್ರ ಬಂದೊಡನೆ ಸಾರಥಿ 'ನೀವ್ಯಾರು, ಎಲ್ಲಿಂದ ಬಂದ್ರಿ' ಎಂದು ಕೇಳುವ ಪದ್ಧತಿ ಈ ಕಥೆಗೆ ಎಷ್ಟು ಒದಗಿತೆಂದರೆ, ಹಿರಿಮಗ 'ನಾನು ಈ ಮನಿ ಮಗ' ಅನ್ನುತ್ತಾನೆ, ಹಸಿದು ಬಂದ ಕಿರಿಮಗನಿಗೆ ಉತ್ತರವೇ ಹೊರಡುವುದಿಲ್ಲ. ಮಾತುಗಳನ್ನು ಆಡುವವರೇ ಹುಟ್ಟಿಸಿದರು. ಅಪ್ಪ ಬದುಕಿರುವಾಗಲೇ ಪಾಲು ಕೇಳುವುದು ಎಂಥ ಮಾತು ಎಂದು ಇಲ್ಲಿ ಯಾರಿಗೂ ವಿವರಿಸಬೇಕಿಲ್ಲ. ತೊಗರಿ ಹೊಲ ಮಾರಿ ಕಿರಿಯವ ಬೊಂಬಾಯಿ ಸೇರುತ್ತಾನೆ. ಲೂಕ ಬರೆದ 'ಘೋರವಾದ ಬರ' ನಮ್ಮ ನೋಟಕರ ಪಾಲಿಗೆ ದೂರದ ಸಂಗತಿಯಲ್ಲ. ಗುಳೆ ಹೋಗಿ ಬಂದವರೇ ಎದುರಿಗೆ ಕೂತಿರುತ್ತಾರೆ.

ಹೆಚ್ಚು ಚರ್ಚೆಯಾದದ್ದು ಅಪ್ಪನ ಓಟ. ರುಮಾಲು ಸುತ್ತಿದ ಹಿರಿಯರು ಊರ ಮುಂದೆ ಓಡುವುದುಂಟೇ? ಓಡಲೇಬೇಕು ಎಂದೆ, ಯಾಕೆಂದರೆ ಸಾಮ್ಯದ ಜೀವವೇ ಅಲ್ಲಿದೆ. ಪಾತ್ರಧಾರಿ ಧೋತರ ಎತ್ತಿಕಟ್ಟಿ ಓಡಿದ. ಕೊಬ್ಬಿದ ಕರುವಿನ ಮಾತನ್ನು ಸುವಾರ್ತೆಯ ಓದಿನಲ್ಲಿ ಇದ್ದಂತೆಯೇ ಓದುತ್ತೇವೆ. ರಂಗದ ಮೇಲಿನ ಊಟಕ್ಕೆ ಮಾತ್ರ ಹೋಳಿಗೆ ಬಡಿಸುತ್ತೇವೆ. ನೋಡಲು ಬರುವ ಲಿಂಗಾಯತ ನೆರೆಯವರು ಎದ್ದು ಹೋಗುವಂತೆ ಮಾಡುವುದು ನಮ್ಮ ಉದ್ದೇಶವಲ್ಲ.

ಹಿರಿಮಗ ಕಡೆಗೆ ಒಳಗೆ ಬಂದನೋ ಇಲ್ಲವೋ ಎಂದು ಲೂಕ ಹೇಳುವುದಿಲ್ಲ. ನಾವೂ ಹೇಳುವುದಿಲ್ಲ. ಆಟ ಮುಗಿದ ಮೇಲೆ ಚಹಾ ಕುಡಿಯುತ್ತಾ ಜನ ಅದನ್ನೇ ಎತ್ತುತ್ತಾರೆ: ಉಳಿದ ಹೊಲದಲ್ಲಿ ಕಿರಿಯವನಿಗೆ ಮತ್ತೆ ಪಾಲುಂಟೇ? 'ನನ್ನದೆಲ್ಲಾ ನಿನ್ನದೇ' ಎಂದು ಅಪ್ಪ ಹಿರಿಯವನಿಗೆ ಹೇಳಿಯಾಗಿದೆಯಲ್ಲ? ಆ ಮಾತುಕತೆಗೆ ನಾನು ಉಪದೇಶ ಸೇರಿಸುವುದಿಲ್ಲ, ಕೇಳಿದವರಿಗಷ್ಟೇ ಉತ್ತರಿಸುತ್ತೇನೆ.

ಈಗ ಬೈಬಲಿನ ರೂತಳ ಕಥೆ ಕಟ್ಟುತ್ತಿದ್ದಾರೆ. ಬರಕ್ಕೆ ಊರು ಬಿಟ್ಟ ಸಂಸಾರ, ಅತ್ತೆಯನ್ನು ಬಿಡದ ಸೊಸೆ, ಕೊಯ್ದ ಹೊಲದಲ್ಲಿ ಉಳಿದ ತೆನೆ ಹೆಕ್ಕುವ ಹಕ್ಕಲಾಯುವುದು. ಈ ಸಲ ಪಾತ್ರಗಳನ್ನೆಲ್ಲ ಹೆಂಗಸರೇ ಹಂಚಿಕೊಂಡಿದ್ದಾರೆ. ಹಕ್ಕಲಾಯುವ ಪದವನ್ನು ಈಗಾಗಲೇ ಕಟ್ಟಿ ಮುಗಿಸಿದ್ದಾರೆ.