ರೆಸಾರ್ಟ್ ರೆಸ್ಟೋರೆಂಟಿನಲ್ಲಿ ಸಪ್ಪೆ ಊಟ: ಆರ್ಡರ್ ಕೊಡುವಾಗ ಏನು ನೋಡಬೇಕು, ತಟ್ಟೆ ಬಂದ ಮೇಲೆ ಏನು ಕೇಳಬೇಕು

ಥೀಮ್ ಪಾರ್ಕಿನಲ್ಲಿ ಒಂದು ಶೋ ಮುಗಿದರೆ ನೂರಾರು ಜನ ಒಟ್ಟಿಗೇ ರೆಸ್ಟೋರೆಂಟಿಗೆ ನುಗ್ಗುತ್ತಾರೆ. ಅಷ್ಟೂ ಜನಕ್ಕೆ ಆರ್ಡರ್ ಬಂದ ಮೇಲೆ ಒಲೆ ಹಚ್ಚುತ್ತೇವೆ ಎಂದರೆ ಯಾವ ಅಡುಗೆಮನೆಗೂ ಆಗದ ಮಾತು. ಹಾಗಾಗಿ ಬಹಳಷ್ಟನ್ನು ಮೊದಲೇ ಬೇಯಿಸಿ ಬಿಸಿ ಪೆಟ್ಟಿಗೆಯಲ್ಲೋ ಹೀಟ್ ಲ್ಯಾಂಪಿನ ಕೆಳಗೋ ಇಟ್ಟಿರುತ್ತಾರೆ. ಮೆನುವಿನ ಚಿತ್ರದಲ್ಲಿ ಕಣ್ಣು ಕುಕ್ಕುವ ತಿನಿಸು ತಟ್ಟೆಗೆ ಬರುವಾಗ ಸಪ್ಪಗಾಗಿರುವುದಕ್ಕೆ ಹೆಚ್ಚಿನ ಸಲ ಕಾರಣ ಇದೇ. ಯಾವ ತಿನಿಸಿನ ರುಚಿ ಎಷ್ಟು ಹೊತ್ತು ತಾಳುತ್ತದೆ ಎಂಬುದು ಗೊತ್ತಿದ್ದರೆ ಅರ್ಧ ನಿರಾಸೆ ಅಲ್ಲೇ ತಪ್ಪುತ್ತದೆ.

ಅತಿ ಬೇಗ ಕೆಡುವುದು ಕರಿದದ್ದು. ಫ್ರೆಂಚ್ ಫ್ರೈಸ್ ಅನ್ನು ಸುಮಾರು 175ರಿಂದ 180 ಡಿಗ್ರಿ ಸೆಲ್ಸಿಯಸ್ ಎಣ್ಣೆಯಲ್ಲಿ ಕರಿಯುತ್ತಾರೆ. ಹೊರಪದರದ ನೀರು ಆರಿ ಗರಿಗರಿಯಾಗುತ್ತದೆ, ಒಳಗೆ ಮಾತ್ರ ತೇವ ಉಳಿದಿರುತ್ತದೆ. ಎಣ್ಣೆಯಿಂದ ತೆಗೆದ ಕೂಡಲೇ ಆ ಒಳಗಿನ ಹಬೆ ಹೊರಪದರಕ್ಕೆ ನುಗ್ಗಲು ಶುರು. ಹತ್ತು ನಿಮಿಷ ಕಳೆಯುವುದರೊಳಗೆ ಮೆತ್ತಗಾಗುತ್ತದೆ. ಹೀಟ್ ಲ್ಯಾಂಪ್ ಬಿಸಿಯನ್ನು ಕಾಯುತ್ತದೆಯೇ ಹೊರತು ಗರಿಯನ್ನಲ್ಲ. ಮುಚ್ಚಳ ಹಾಕಿದರಂತೂ ಮುಗಿಯಿತು. ಫ್ರೈಸ್ ಮೇಲೆ ಚೀಸೋ ಗ್ರೇವಿಯೋ ಸುರಿದ ‘ಲೋಡೆಡ್’ ಬಗೆಯದು ಮೇಜಿಗೆ ಬರುವಷ್ಟರಲ್ಲೇ ತೊಯ್ದಿರುತ್ತದೆ. ಸಾಸನ್ನು ಬೇರೆ ಬಟ್ಟಲಲ್ಲಿ ಕೊಡಿ ಎನ್ನಿ. ‘ಹೊಸದಾಗಿ ಕರಿದದ್ದು ಕೊಡಿ, ಐದು ನಿಮಿಷ ಕಾಯುತ್ತೇವೆ’ ಎಂದು ಆರ್ಡರ್ ಕೊಡುವಾಗಲೇ ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಉಪ್ಪಿಲ್ಲದ ಫ್ರೈಸ್ ಕೇಳಿದರೆ ಹೊಸದಾಗಿ ಕರಿಯಲೇಬೇಕಾಗುತ್ತದೆ ಎಂಬ ಉಪಾಯ ಹಲವರಿಗೆ ಗೊತ್ತು. ನೇರವಾಗಿ ಕೇಳಿದರೆ ಸಿಗುವುದಕ್ಕೆ ಆ ಕಸರತ್ತು ಬೇಕಿಲ್ಲ. ಅಲರ್ಜಿ ಇದೆ ಎಂದು ಸುಳ್ಳು ಹೇಳುವುದಂತೂ ಬೇಡವೇ ಬೇಡ: ಪಾತ್ರೆ, ಕೈಗವಸು, ಕತ್ತರಿಸುವ ಹಲಗೆ ಎಲ್ಲವನ್ನೂ ಬದಲಿಸಬೇಕಾಗಿ ಬಂದು ನಿಮ್ಮ ತಟ್ಟೆಯೇ ತಡವಾಗುತ್ತದೆ.

ಗ್ರಿಲ್ ಮಾಡಿದ ಕೋಳಿ ಎದೆಮಾಂಸದ ಪಾಡೂ ಅಷ್ಟೇ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು. ಅದರ ಮೇಲೂ ಶಾಖದಲ್ಲಿ ಕುಳಿತರೆ ನಾರು ಬಿಗಿದು ನೀರನ್ನೆಲ್ಲ ಹಿಂಡಿ ಹಾಕುತ್ತದೆ. ತೊಡೆಮಾಂಸದಲ್ಲಿ ಕೊಬ್ಬೂ ಕೊಲಾಜೆನ್ನೂ (ಬೇಯುತ್ತಾ ಮೆತ್ತಗಾಗುವ ಪ್ರೋಟೀನ್) ಹೆಚ್ಚು, ಆದ್ದರಿಂದ ಅದು ತಾಳಿಕೊಳ್ಳುತ್ತದೆ. ಪಾಸ್ತಾವನ್ನು ದೊಡ್ಡ ಅಡುಗೆಮನೆಗಳಲ್ಲಿ ಮುಕ್ಕಾಲು ಬೇಯಿಸಿ ತಣಿಸಿಟ್ಟು, ಆರ್ಡರ್ ಬಂದಾಗ ಕುದಿನೀರಿನಲ್ಲಿ ಅದ್ದಿ ತೆಗೆಯುವುದು ರೂಢಿ. ಅದರಲ್ಲಿ ತಪ್ಪೇನಿಲ್ಲ, ಕೈಕೊಡುವುದು ಸಾಸ್. ಕ್ರೀಮ್ ಸಾಸ್ ಬಿಸಿಯಲ್ಲೇ ಇದ್ದರೆ ನೀರು ಆವಿಯಾಗಿ ಅಂಟಾಗುತ್ತದೆ, ಕೊನೆಗೆ ಒಡೆದು ತಟ್ಟೆಯ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಟೊಮೆಟೊ ಸಾಸಿಗೆ ಈ ಕಾಟ ಇಲ್ಲ. ಸೂಪ್, ಸ್ಟ್ಯೂ, ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೇಯಿಸಿದ ಮಾಂಸ, ಬೇಳೆ–ಕಾಳಿನ ಪದಾರ್ಥಗಳು ಜನಜಂಗುಳಿಯ ಹೊತ್ತಿನಲ್ಲಿ ನಂಬಬಹುದಾದವು.

ಜನ ಕಡಿಮೆ ಇರುವ ಹೊತ್ತಿನಲ್ಲಿ ಹೋದರೆ ಊಟ ಚೆನ್ನಾಗಿರುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಆರ್ಡರ್ ಕೊಟ್ಟ ಮೇಲೆ ಮಾಡುವ ತಿನಿಸಿಗೆ ಅದು ಸರಿ. ಬಫೆಗೆ ಉಲ್ಟಾ: ತಿನ್ನುವವರಿಲ್ಲದೆ ಟ್ರೇ ಒಂದೇ ಕಡೆ ಗಂಟೆಗಟ್ಟಲೆ ಕುಳಿತಿರುತ್ತದೆ. ಅಲ್ಲಿ ಹೊಸ ಟ್ರೇ ತಂದಿಡುವವರೆಗೆ ಕಾದು ಅದರಿಂದಲೇ ಬಡಿಸಿಕೊಳ್ಳಿ. ಬಿಸಿಯಾಗಿರಬೇಕಾದದ್ದು ಉಗುರುಬೆಚ್ಚಗಿದ್ದರೆ ರುಚಿಯ ಮಾತು ಹಾಗಿರಲಿ, ತಿನ್ನಬೇಡಿ. ಬಿಸಿ ಪದಾರ್ಥ 60 ಡಿಗ್ರಿಯ ಮೇಲೆ, ತಣ್ಣನೆಯದು 5 ಡಿಗ್ರಿಯ ಕೆಳಗೆ ಇರಬೇಕು. ಬ್ಯಾಕ್ಟೀರಿಯಾ ಬೆಳೆಯುವುದು ಇವೆರಡರ ನಡುವೆ.

ಇನ್ನು ತಟ್ಟೆ ಬಂದ ಮೇಲೆ. ಕೋಳಿಯೋ ಬರ್ಗರಿನ ಪ್ಯಾಟಿಯೋ ಆದರೆ ಮೊದಲು ದಪ್ಪ ಇರುವ ಕಡೆ ಕತ್ತರಿಸಿ ನೋಡಿ. ತಕರಾರು ಇದ್ದರೆ ಎರಡು ಮೂರು ತುತ್ತಿನೊಳಗೇ ಹೇಳಬೇಕು. ಮುಕ್ಕಾಲು ತಟ್ಟೆ ಖಾಲಿ ಮಾಡಿ ‘ಚೆನ್ನಾಗಿರಲಿಲ್ಲ’ ಎಂದರೆ ಬದಲಿಸಿ ಕೊಡಲು ಅಲ್ಲಿ ಏನೂ ಉಳಿದಿರುವುದಿಲ್ಲ, ನಂಬುವವರೂ ಇರುವುದಿಲ್ಲ. ಏನಾಗಿದೆ, ಏನು ಬೇಕು ಎರಡನ್ನೂ ಒಂದೇ ಉಸಿರಿಗೆ ಹೇಳಿ: ‘ಪಾಸ್ತಾ ನಡುವೆ ತಣ್ಣಗಿದೆ, ಸಾಸ್ ಒಡೆದಿದೆ. ಹೊಸದಾಗಿ ಮಾಡಿಕೊಡ್ತೀರಾ?’ ‘ಚೆನ್ನಾಗಿಲ್ಲ’ ಎಂದಷ್ಟೇ ಹೇಳಿದರೆ ಅದೇ ತಟ್ಟೆ ಮೈಕ್ರೋವೇವಿಗೆ ಹೋಗಿ ವಾಪಸ್ ಬರುತ್ತದೆ.

ಕೇಳುವುದು ದೋಷಕ್ಕೆ ತಕ್ಕಂತೆ ಇರಲಿ. ತಣ್ಣಗಿದ್ದರೆ, ಬೆಂದಿಲ್ಲದಿದ್ದರೆ, ಬೇರೆಯದೇ ಬಂದಿದ್ದರೆ ಹೊಸ ತಟ್ಟೆ ಕೇಳಿ. ಹಸಿ ಉಳಿದ ಕೋಳಿಯನ್ನು ಮತ್ತೆ ಬಿಸಿ ಮಾಡಿ ತರುತ್ತೇವೆ ಎಂದರೆ ಒಪ್ಪಬೇಡಿ, ಅದರ ರಸ ಪಕ್ಕದ ತರಕಾರಿಗೂ ತಾಗಿರುತ್ತದೆ. ಮೆನುವಿನಲ್ಲಿ ಬರೆದದ್ದು ತಟ್ಟೆಯಲ್ಲಿ ಇಲ್ಲದಿದ್ದರೆ, ಉದಾಹರಣೆಗೆ ಸೀಗಡಿ ಎಂದು ಬರೆದು ಬರೀ ಸಾಸ್ ಕೊಟ್ಟಿದ್ದರೆ, ಮೆನು ತೋರಿಸಿ ಬಿಲ್ಲಿನಿಂದ ತೆಗೆಯಲು ಹೇಳಬಹುದು. ಎಲ್ಲ ಸರಿಯಾಗಿದ್ದೂ ನಿಮ್ಮ ನಾಲಿಗೆಗೆ ಹಿಡಿಸದಿದ್ದರೆ ಅದು ಹಕ್ಕಿನ ಮಾತಲ್ಲ. ವಿನಯದಿಂದ ಕೇಳಿದರೆ ಬೇರೆ ಕೊಟ್ಟರೂ ಕೊಟ್ಟಾರು.

ಹೊಸದಾಗಿ ಮಾಡಲು ಎಷ್ಟು ಹೊತ್ತಾಗುತ್ತದೆ ಎಂದು ಮೊದಲೇ ಕೇಳಿಕೊಳ್ಳಿ. ಮುಂದಿನ ರೈಡಿಗೋ ಶೋಗೋ ಹೊತ್ತು ಗೊತ್ತುಮಾಡಿಕೊಂಡಿದ್ದರೆ ಹೊಸ ತಟ್ಟೆಗಿಂತ ಬಿಲ್ಲಿನಿಂದ ತೆಗೆಸುವುದೇ ಮೇಲು. ಬಡಿಸುವವರಿಗೆ ಬಿಲ್ ಕಡಿಮೆ ಮಾಡುವ ಅಧಿಕಾರ ಇರುವುದು ಅಪರೂಪ. ಅವರ ಮೇಲೆ ದನಿ ಏರಿಸದೆ ಮ್ಯಾನೇಜರನ್ನು ಕರೆಸಿ.

ಊಟದ ಹಣ ಮೊದಲೇ ಪ್ಯಾಕೇಜಿನಲ್ಲಿ ಸೇರಿದ್ದರೆ ನಗದು ವಾಪಸ್ ಸಿಗುವುದು ಕಷ್ಟ. ಬಳಸಿದ ಕೂಪನ್ನನ್ನು ಮತ್ತೆ ಖಾತೆಗೆ ಹಾಕಿಸಿಕೊಳ್ಳಿ, ಅದೂ ಮೇಜು ಬಿಟ್ಟೇಳುವ ಮೊದಲು. ಬಿಲ್ಲನ್ನು ರೂಮಿನ ಲೆಕ್ಕಕ್ಕೆ ಬರೆಸಿದ್ದರೆ ತಿದ್ದಿದ ಬಿಲ್ಲಿನ ಫೋಟೋ ತೆಗೆದಿಟ್ಟುಕೊಂಡು, ಚೆಕ್‌ಔಟ್‌ನ ಹಿಂದಿನ ರಾತ್ರಿಯೇ ರಿಸೆಪ್ಷನ್‌ನಲ್ಲಿ ಲೆಕ್ಕ ತಾಳೆ ನೋಡಿ. ಬೆಳಿಗ್ಗೆಯ ಸಾಲಿನಲ್ಲಿ ನಿಂತು ಅದನ್ನು ಸರಿಪಡಿಸಿಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ.