ಟ್ರಾಬಿ ಕಾರು ಓಡಿಸುತ್ತಾ ಬರ್ಲಿನ್ ನೋಡುವುದು ಹೇಗೆ?

ಬರ್ಲಿನ್ ಸುತ್ತೋಕೆ ಬಸ್ಸಿದೆ, ದೋಣಿಯಿದೆ, ಬಾಡಿಗೆ ಸೈಕಲ್ಲಿದೆ. ಆದರೂ ಕಾರು ಓಡಿಸಲು ಬರುವವರಿಗೆ ನಾನು ಮೊದಲು ಹೇಳುವುದು ಟ್ರಾಬಿ ಟೂರ್ ಬಗ್ಗೆ. ಹಳೇ ಪೂರ್ವ ಜರ್ಮನಿಯ ಟ್ರಾಬಾಂಟ್ (ಚಿಕ್ಕದಾಗಿ ಟ್ರಾಬಿ) ಕಾರನ್ನು ನಿಮ್ಮ ಕೈಗೇ ಕೊಡುತ್ತಾರೆ. ಗೈಡ್ ಮುಂದಿನ ಕಾರಿನಲ್ಲಿರುತ್ತಾರೆ, ಉಳಿದವರು ಸಾಲಾಗಿ ಹಿಂದೆ ಹೋಗಬೇಕು, ಅವರು ಹೇಳುವ ಕಥೆಯೆಲ್ಲ ನಿಮ್ಮ ಕಾರಿನ ರೇಡಿಯೊದಲ್ಲಿ ಕೇಳಿಸುತ್ತಿರುತ್ತದೆ. ದಾರಿ ಹುಡುಕುವ ತಲೆನೋವಿಲ್ಲ.

ಮೊದಲು ಕಾಗದಪತ್ರ. ನಿಮ್ಮ ಮೂಲ ಲೈಸೆನ್ಸ್ ಮತ್ತು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಎರಡನ್ನೂ ಒಯ್ಯಿರಿ, ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೋಗಬೇಡಿ. ಅಪಘಾತವಾದರೆ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆ ಎಂದು ಬುಕ್ ಮಾಡುವಾಗಲೇ ಕೇಳಿ ತಿಳಿದುಕೊಳ್ಳಿ. ಅರ್ಧ ದಾರಿಯಲ್ಲಿ ಡ್ರೈವರ್ ಬದಲಾಗುವ ಆಸೆಯಿದ್ದರೆ ಇಬ್ಬರ ಹೆಸರನ್ನೂ ಬರೆಸಿ. ಇನ್ನು ಬಿಯರ್ ಸಂಜೆಗಿರಲಿ. ಅಲ್ಲಿ ಮಿತಿ 0.5 ಪ್ರೊಮಿಲ್, ಅಂದರೆ ರಕ್ತದಲ್ಲಿ ಸಾವಿರಕ್ಕೆ ಅರ್ಧ ಪಾಲು ಆಲ್ಕೋಹಾಲ್, 21 ವರ್ಷದೊಳಗಿನವರಿಗೆ ಸೊನ್ನೆ.

ಈಗ ಕಾರಿನ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಟ್ರಾಬಿ ನೀವು ದಿನಾ ಓಡಿಸುವ ಕಾರಿನ ಹಾಗಿಲ್ಲ. 601 ಮಾಡೆಲ್ 1964ರಲ್ಲಿ ಬಂತು. ಟೂ ಸ್ಟ್ರೋಕ್ ಎಂಜಿನ್, ಎರಡು ಸಿಲಿಂಡರ್, ಹೆಚ್ಚುಕಡಿಮೆ 600 ಸಿಸಿ, ಶಕ್ತಿ ಬರೀ 26 ಹಾರ್ಸ್‌ಪವರ್. ಉಕ್ಕಿನ ಕೊರತೆಯಿತ್ತು, ಹಾಗಾಗಿ ಹತ್ತಿಯ ತ್ಯಾಜ್ಯವನ್ನು ರಾಳದ ಜೊತೆ ಒತ್ತಿ ಹೊರಮೈ ಮಾಡಿದರು. ಇಂಥ ಕಾರಿಗಾಗಿ ಜನ ಹತ್ತು ವರ್ಷಕ್ಕಿಂತ ಜಾಸ್ತಿ ಕಾಯುತ್ತಿದ್ದರು! ಅದು ಗೊತ್ತಿದ್ದು ಸ್ಟೇರಿಂಗ್ ಹಿಡಿದರೆ ಆ ಹೊಗೆಯ ವಾಸನೆಯೂ ಬೇರೆಯೇ ಅನಿಸುತ್ತದೆ.

ಗೇರ್ ಲಿವರ್ ನೆಲದ ಮೇಲಿಲ್ಲ, ಸ್ಟೇರಿಂಗ್ ಪಕ್ಕದಲ್ಲಿದೆ. ಹೊರಡುವ ಮೊದಲು ಕಾರು ನಿಂತಲ್ಲೇ ಹತ್ತು ಸಲ ಎಲ್ಲ ಗೇರ್ ಹಾಕಿ ನೋಡಿ, ಸಿಬ್ಬಂದಿ ತೋರಿಸಿಕೊಡುತ್ತಾರೆ, ಸಂಕೋಚ ಬೇಡ. ಪವರ್ ಸ್ಟೇರಿಂಗ್ ಇಲ್ಲ. ಬ್ರೇಕಿಗೂ ಬೂಸ್ಟರ್ ಇಲ್ಲ, ಕಾಲಲ್ಲಿ ಗಟ್ಟಿಯಾಗಿ ಒತ್ತಬೇಕು.

ಇನ್ನೊಂದು ಮುಖ್ಯ. ನಾಲ್ಕನೇ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಕಾರು ತನ್ನಷ್ಟಕ್ಕೆ ಉರುಳುತ್ತಲೇ ಇರುತ್ತದೆ, ಎಂಜಿನ್ ಅದನ್ನು ಹಿಡಿದಿಡುವುದಿಲ್ಲ. ಟೂ ಸ್ಟ್ರೋಕ್‌ನಲ್ಲಿ ಆಯಿಲ್ ಹೋಗುವುದು ಪೆಟ್ರೋಲಿನ ಜೊತೆಗೇ ಅಲ್ವಾ, ಆಕ್ಸಿಲರೇಟರ್ ಬಿಟ್ಟಾಗ ಚಕ್ರಗಳು ಎಂಜಿನ್ನನ್ನು ತಿರುಗಿಸುತ್ತಾ ಹೋದರೆ ಅದಕ್ಕೆ ಸಾಕಷ್ಟು ಆಯಿಲ್ ಸಿಗುವುದಿಲ್ಲ, ಅದಕ್ಕೇ ಈ ಏರ್ಪಾಡು. ಹಾಗಾಗಿ ಮುಂದಿನ ಟ್ರಾಬಿಗೆ ಅಂಟಿಕೊಂಡು ಹೋಗಬೇಡಿ. ಮಾಮೂಲಿ ಕಾರಿನಲ್ಲಿ ಬಿಡುವ ಅಂತರದ ಎರಡರಷ್ಟು ಬಿಡಿ.

ಎಡಗಡೆ ಓಡಿಸಿ ರೂಢಿಯಿದ್ದವರು ಬಲಗಡೆ ಓಡಿಸುವುದಕ್ಕಷ್ಟೇ ಹೆದರುತ್ತಾರೆ. ಸಾಲಿನಲ್ಲಿ ಹೋಗುವಾಗ ಅದು ಬೇಗ ಒಗ್ಗುತ್ತದೆ. ನಿಜವಾದ ಎಚ್ಚರ ಬೇಕಿರುವುದು ಬಲಕ್ಕೆ ತಿರುಗುವಾಗ, ಯಾಕೆಂದರೆ ಪಕ್ಕದಲ್ಲಿ ನೇರ ಹೋಗುವ ಸೈಕಲ್ ಇರುತ್ತದೆ, ದಾರಿ ಅದರದ್ದು. ಸಿಗ್ನಲ್ಲೂ ಬೋರ್ಡೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲು ಬಿಡಬೇಕು. ಟ್ರಾಮ್ ನಿಂತು ಜನ ರಸ್ತೆಗೇ ಇಳಿಯುತ್ತಿದ್ದರೆ ನೀವೂ ನಿಲ್ಲಿ. ಸಿಗ್ನಲ್‌ನಲ್ಲಿ ಸಾಲು ತುಂಡಾದರೆ ಗಾಬರಿಯಾಗಿ ಕೆಂಪು ದೀಪ ದಾಟಬೇಡಿ, ಗೈಡ್ ಮುಂದೆ ನಿಂತು ಕಾಯುತ್ತಾರೆ.

ಯಾವ ದಾರಿ ಆರಿಸಬೇಕು? ನನ್ನ ಮಾತು ಕೇಳಿದರೆ, ಪೂರ್ವ ಬರ್ಲಿನ್ ಜಾಸ್ತಿ ತೋರಿಸುವ ಟೂರ್ ತೆಗೆದುಕೊಳ್ಳಿ. ಬ್ರಾಂಡೆನ್‌ಬುರ್ಗ್ ದ್ವಾರದ ಒಳಗೆ ಹೇಗೂ ಕಾರು ಬಿಡುವುದಿಲ್ಲ, ಅದನ್ನು ನಡೆದೇ ನೋಡಬೇಕು. ಕಾರ್ಲ್ ಮಾರ್ಕ್ಸ್ ಆಲೇ ಬೀದಿಯ ಕಥೆ ಬೇರೆ. ಮೆರವಣಿಗೆ ನಡೆಸುವಷ್ಟು ಅಗಲ, ಎರಡೂ ಕಡೆ 1950ರ ದಶಕದ ಭಾರೀ ಕಟ್ಟಡಗಳು. 1961ರವರೆಗೆ ಅದಕ್ಕೆ ಸ್ಟಾಲಿನ್ ಹೆಸರಿತ್ತು. ಇಲ್ಲಿನ ಕಟ್ಟಡ ಕೆಲಸಗಾರರ ಮುಷ್ಕರವೇ ಪೂರ್ವ ಜರ್ಮನಿಯ ಸರ್ಕಾರದ ವಿರುದ್ಧ 1953ರ ಜೂನ್ 17ರಂದು ಎದ್ದ ದಂಗೆಗೆ ಕಿಡಿಯಾಯಿತು, ಅದನ್ನು ಸೋವಿಯತ್ ಟ್ಯಾಂಕುಗಳು ಹತ್ತಿಕ್ಕಿದವು. ಆ ಬೀದಿಯಲ್ಲಿ ಟ್ರಾಬಿಯ ಟರ್ ಟರ್ ಸದ್ದು ಕೇಳುತ್ತಾ ಹೋಗುವುದೇ ಈ ಟೂರಿನ ಸಾರ ಅಂತ ನನಗನಿಸುತ್ತದೆ.

ರಸ್ತೆಯ ಮೇಲೆ ಅಲ್ಲಲ್ಲಿ ಜೋಡಿ ಕಲ್ಲುಗಳ ಸಾಲು ಕಾಣುತ್ತದೆ. ಪೂರ್ವ ಮತ್ತು ಪಶ್ಚಿಮ ಬರ್ಲಿನ್ ನಡುವೆ 1961ರಲ್ಲಿ ಎದ್ದ ಗೋಡೆ ನಿಂತಿದ್ದ ಜಾಗ ಅದು. ಜನ ದಾಟಲು ಹೋಗಿ ಪ್ರಾಣ ಬಿಟ್ಟ ಗೆರೆಯನ್ನು ನಿಮ್ಮ ಚಕ್ರ ಒಂದು ಕ್ಷಣದಲ್ಲಿ ದಾಟುತ್ತದೆ. ಪಕ್ಕದಲ್ಲಿ ಕೂತವರಿಗೆ ಅದನ್ನು ಗಮನಿಸಲು ಮೊದಲೇ ಹೇಳಿಡಿ, ಡ್ರೈವರ್ ಕಣ್ಣು ರಸ್ತೆ ಮೇಲೇ ಇರಬೇಕು. ಫೋಟೊ ಕೆಲಸವೂ ಅವರದ್ದೇ, ಓಡಿಸುವವರು ಫೋನ್ ಕೈಗೆ ತೆಗೆದುಕೊಂಡರೆ ದಂಡ ಬೀಳುತ್ತದೆ.

ಓಡಿಸಿದವರು ಅರ್ಧ ಊರನ್ನು ಕಿವಿಯಲ್ಲೇ ನೋಡಿರುತ್ತಾರೆ. ಆದ್ದರಿಂದ ಟೂರನ್ನು ಬೆಳಿಗ್ಗೆ ಇಟ್ಟುಕೊಂಡು ಮಧ್ಯಾಹ್ನ ಖಾಲಿ ಬಿಡಿ. ಕಾರು ಒಪ್ಪಿಸಿದ ಮೇಲೆ ವಾರ್ಶೌವರ್ ಸ್ಟ್ರಾಸೆ ನಿಲ್ದಾಣಕ್ಕೆ ರೈಲಿನಲ್ಲಿ ಹೋಗಿ. ಅಲ್ಲಿಂದ ನಡೆದರೆ ಈಸ್ಟ್ ಸೈಡ್ ಗ್ಯಾಲರಿ, ಸುಮಾರು 1.3 ಕಿಲೋಮೀಟರ್ ಉದ್ದಕ್ಕೂ ಉಳಿದಿರುವ ಗೋಡೆ, ಮೇಲೆಲ್ಲ ಚಿತ್ರಗಳು. ಗೋಡೆ ಒಡೆದುಕೊಂಡು ಹೊರಗೆ ನುಗ್ಗುತ್ತಿರುವ ಟ್ರಾಬಿಯ ಚಿತ್ರವೂ ಅಲ್ಲೇ ಇದೆ. ಅದರ ನಂಬರ್ ಪ್ಲೇಟ್ ಓದಿ: ನವೆಂಬರ್ 9, 89. ಗೋಡೆ ತೆರೆದ ದಿನ ಅದು.